ರಸ್ತೆಗೆ ತನ್ನ ಹೆಸರನ್ನಿತ್ತ ಮಹಾಶಯ: ಜಾನ್ ಲೌಡನ್ ಮೆಕಾಡಂ

ಮಳೆಗಾಲವು ಕಾಲಿಟ್ಟಿತೆಂದರೆ ಮುಂಬಯಿ ಮಹಾನಗರದ ರಸ್ತೆಗಳಲ್ಲಿ ಹೊಂಡಗಳು ಬಾಯ್ದೆರೆಯುವುದು ವರುಷ ವರುಷದ ಪರಿಪಾಠವಾಗಿದೆ. ಬಸ್ಸಿನಲ್ಲಿ ಕುಳಿತವರು ಗೊಣಗುತ್ತಾರೆ. ಸ್ಕೂಟರಿನವರು ಪ್ರಾಣವನ್ನು ಕೈಯಲ್ಲಿ ಹಿಡಿದು ಸಾಗುತ್ತಾರೆ. ಪ್ರಾಣವನ್ನೇ ಕಳೆದುಕೊಂಡವರ ಸುದ್ದಿಯೂ ಪ್ರತಿವರ್ಷ ಪತ್ರಿಕೆಗಳಲ್ಲಿ ಬರುತ್ತದೆ. ನಾವು ಮಹಾನಗರಪಾಲಿಕೆಯನ್ನು ದೂರುತ್ತೇವೆ, ಕಂಟ್ರಾಕ್ಟರನನ್ನು ಬಯ್ಯುತ್ತೇವೆ. ಆದರೆ ಕಲ್ಲಿನಷ್ಟು ಗಟ್ಟಿಯಾಗಿ ಕಾಣುವ ರಸ್ತೆಯನ್ನು ಬರಿಯ ನೀರು ಹೇಗೆ ಒಡೆಯಿತು ಎಂದು ವಿಚಾರಿಸುವವರು ವಿರಳ.

ಇನ್ನೂರು ವರ್ಷಗಳ ಹಿಂದೆ ಈ ಪ್ರಶ್ನೆಯನ್ನೇ ತನ್ನ ಜೀವನದ ಪ್ರಶ್ನೆಯನ್ನಾಗಿ ಮಾಡಿಕೊಂಡ ಒಬ್ಬ ವ್ಯಕ್ತಿಯಿದ್ದನು. ಆತನು ಎಂಜಿನಿಯರ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದವನಲ್ಲ, ವೃತ್ತಿಯಿಂದ ವ್ಯಾಪಾರಿ. ಲೋಕೋಪಯೋಗಿ ಇಲಾಖೆಯ ಟೆಂಡರ್ ಪ್ರಕಟಣೆಗಳನ್ನು ಓದುವ ಅಭ್ಯಾಸವುಳ್ಳ ವಾಚಕರಿಗೆ ವಾಟರ್ ಬೌಂಡ್ ಮೆಕಾಡಂ, ವೆಟ್ ಮಿಕ್ಸ್ ಮೆಕಾಡಂ, ಬಿಟುಮಿನಸ್ ಮೆಕಾಡಂ ಎಂಬ ಶಬ್ದಗಳು ಪರಿಚಿತವಾಗಿರಬೇಕು. ಆ ಮೆಕಾಡಂ ಎಂಬುದು ಯಾವುದೋ ಯಂತ್ರದ ಅಥವಾ ಕಲ್ಲಿನ ಹೆಸರಲ್ಲ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ರಸ್ತೆಗಳಿಗಾಗಿ ತನ್ನ ಗಂಟನ್ನು ಕರಗಿಸಿದ ಜಾನ್ ಲೌಡನ್ ಮೆಕಾಡಮನ ಹೆಸರು. ಆತನ ಚರಿತ್ರೆಯನ್ನು ಅರಿತರೆ ನಮ್ಮ ಬೀದಿಯ ಹೊಂಡದ ಚರಿತ್ರೆಯೂ ಅರ್ಥವಾಗುತ್ತದೆ.

ಬಾಲ್ಯ ಮತ್ತು ಅಮೆರಿಕಾ ವಾಸ

ಮೆಕಾಡಮನು 1756ರ ಸೆಪ್ಟೆಂಬರ್ ತಿಂಗಳಿನಲ್ಲಿ ಸ್ಕಾಟ್ಲೆಂಡಿನ ಏರ್ ಎಂಬ ಊರಿನಲ್ಲಿ, ಭೂಮಿಕಾಣಿಯುಳ್ಳ ಕುಲೀನ ಮನೆತನದಲ್ಲಿ ಜನಿಸಿದನು. ಹತ್ತು ಮಕ್ಕಳಲ್ಲಿ ಆತನೇ ಕಿರಿಯವನು. ಮೇಬೋಲ್ ಎಂಬಲ್ಲಿನ ಶಾಲೆಯಲ್ಲಿ ಕಲಿಯುತ್ತಿದ್ದಾಗಲೇ ಊರ ಹಾದಿಯ ಒಂದು ತುಂಡಿನ ಚಿಕ್ಕ ಮಾದರಿಯನ್ನು ಕಟ್ಟಿದ್ದನೆಂಬ ಕಥೆಯುಂಟು. 1770ರಲ್ಲಿ ತಂದೆಯು ತೀರಿಕೊಂಡನು. ಹದಿನಾಲ್ಕರ ಬಾಲಕನು ಸಮುದ್ರವನ್ನು ದಾಟಿ ನ್ಯೂಯಾರ್ಕಿನಲ್ಲಿ ವ್ಯಾಪಾರ ಮಾಡುತ್ತಿದ್ದ ಚಿಕ್ಕಪ್ಪನ ಆಶ್ರಯವನ್ನು ಸೇರಿದನು.

ಪರಸ್ಥಳಕ್ಕೆ ಹೋಗಿ ನೆಂಟರ ಅಂಗಡಿಯಲ್ಲಿ ಕೆಲಸ ಕಲಿತು ಮೇಲೆ ಬರುವುದು ನಮ್ಮವರಿಗೆ ಹೊಸತಲ್ಲ. ಮೆಕಾಡಮನೂ ಹಾಗೆಯೇ ಮೇಲೆ ಬಂದನು. ಅಮೆರಿಕನ್ನರು ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಆ ಕಾಲದಲ್ಲಿ ಆತನು ಬ್ರಿಟಿಷರ ಪಕ್ಷದಲ್ಲಿದ್ದನು. ಯುದ್ಧದಲ್ಲಿ ಸೆರೆಹಿಡಿದ ಹಡಗುಗಳನ್ನೂ ಅವುಗಳಲ್ಲಿನ ಸರಕನ್ನೂ ಮಾರಿಕೊಡುವ ದಲ್ಲಾಳಿಯಾಗಿ ಚೆನ್ನಾಗಿ ಸಂಪಾದಿಸಿದನು. ಗ್ಲೋರಿಯಾನಾ ನಿಕೊಲ್ ಎಂಬ ಕನ್ಯೆಯನ್ನು ವರಿಸಿದನು. ಆದರೆ ಯುದ್ಧವು ಬ್ರಿಟಿಷರಿಗೆ ಪ್ರತಿಕೂಲವಾಗಿ ಮುಗಿಯಿತು. ಆಸ್ತಿಯ ಒಂದು ಭಾಗವು ಅಲ್ಲಿಯೇ ಕೈಬಿಟ್ಟಿತು. 1783ರಲ್ಲಿ ಉಳಿದುದನ್ನು ಹೊತ್ತುಕೊಂಡು ತಾಯ್ನಾಡಿಗೆ ಮರಳಿ, ಏರ್ ಪ್ರಾಂತದ ಸಾಕ್ರಿ ಎಂಬಲ್ಲಿ ಜಮೀನನ್ನು ಕೊಂಡು ನೆಲೆಸಿದನು.

ಡಾಮರಿನ ಭಟ್ಟಿಯಲ್ಲಿ

ಇಲ್ಲಿ ವಿಧಿಯ ಒಂದು ವಿನೋದವನ್ನು ಕಾಣಬಹುದು. ಲಾರ್ಡ್ ಡಂಡೊನಾಲ್ಡ್ ಎಂಬ ಶ್ರೀಮಂತನು ಕಲ್ಲಿದ್ದಲನ್ನು ಸುಟ್ಟು ಡಾಮರು ತೆಗೆಯುವ ಕಾರಖಾನೆಗಳನ್ನು ಸ್ಥಾಪಿಸಿದ್ದನು. ಮ್ಯೂರ್‌ಕರ್ಕ್ ಎಂಬಲ್ಲಿನ ಅಂತಹ ಭಟ್ಟಿಯ ವ್ಯವಹಾರದಲ್ಲಿ ಮೆಕಾಡಮನು ತೊಡಗಿದನು. ಆ ಡಾಮರು ರಸ್ತೆಗಾಗಿ ಅಲ್ಲ. ಹಡಗಿನ ತಳದ ಮರವನ್ನು ಹುಳಗಳಿಂದ ಕಾಪಾಡಲು ಬಳಿಯುವುದಕ್ಕಾಗಿ. ಆದರೆ ನೌಕಾಪಡೆಯವರು ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸತೊಡಗಿದಾಗ ಡಾಮರನ್ನು ಕೇಳುವವರು ಇಲ್ಲವಾದರು. ಉದ್ಯಮವು ಸೊರಗಿತು. ಮುಂದೆ ರಸ್ತೆಗಳ ಇತಿಹಾಸದಲ್ಲಿ ಹೆಸರಾದ ಈ ಪುರುಷನು ಡಾಮರಿನ ನಡುವೆಯೇ ವರ್ಷಗಳನ್ನು ಕಳೆದರೂ, ತನ್ನ ರಸ್ತೆಗಳಿಗೆ ಅದನ್ನು ಬಳಸಲಿಲ್ಲ. ಆ ಎರಡರ ಮದುವೆ ಆತನು ಗತಿಸಿದ ಎಷ್ಟೋ ಕಾಲದ ಮೇಲೆ ನಡೆಯಿತು.

ಅಂದಿನ ರಸ್ತೆಗಳ ದುರವಸ್ಥೆ

ಜಮೀನುದಾರನಾದ ಮೆಕಾಡಮನನ್ನು ಏರ್ ಪ್ರಾಂತದ ಸುಂಕದ ರಸ್ತೆಗಳ ಆಡಳಿತ ಮಂಡಳಿಗೆ ಸದಸ್ಯನನ್ನಾಗಿ ಸೇರಿಸಿಕೊಂಡರು. ಆತನಿಗೆ ರಸ್ತೆಯ ಹುಚ್ಚು ಹಿಡಿದದ್ದು ಅಲ್ಲಿಂದ.

ಅಂದಿನ ಬ್ರಿಟನ್ನಿನ ರಸ್ತೆಗಳನ್ನು ಇಂದು ಊಹಿಸಿಕೊಳ್ಳುವುದೂ ಕಷ್ಟ. ಇಂಗ್ಲೆಂಡಿನಲ್ಲಿ 16ನೆಯ ಶತಮಾನದ ಒಂದು ಕಾನೂನಿನ ಮೇರೆಗೆ ಗ್ರಾಮಸ್ಥರೆಲ್ಲರೂ ವರ್ಷಕ್ಕೆ ಕೆಲವು ದಿನ ಬಿಟ್ಟಿಯಾಗಿ ರಸ್ತೆಯ ಕೆಲಸಕ್ಕೆ ಬರಬೇಕಾಗಿತ್ತು. ಬಿಟ್ಟಿಯ ಕೆಲಸ ಹೇಗಿರುತ್ತದೆಂಬುದನ್ನು ಹೇಳಬೇಕಾಗಿಲ್ಲ. ಗುಂಡಿಗೆ ಒಂದಿಷ್ಟು ದೊಡ್ಡ ಕಲ್ಲು, ಅದರ ಮೇಲೆ ಒಂದು ಬುಟ್ಟಿ ಮಣ್ಣು, ಅಲ್ಲಿಗೆ ಮುಗಿಯಿತು. ಮುಖ್ಯ ಮಾರ್ಗಗಳಲ್ಲಿ ಸುಂಕದ ಕಟ್ಟೆಗಳಿದ್ದವು. ಪ್ರಯಾಣಿಕರಿಂದ ಹಣ ವಸೂಲಾಗುತ್ತಿತ್ತು. ಆದರೆ ಆ ಹಣವು ರಸ್ತೆಗೆ ಇಳಿಯುವ ಮೊದಲೇ ಹಲವರ ಜೇಬಿನಲ್ಲಿ ಇಂಗುತ್ತಿತ್ತು. ರಸ್ತೆಯ ಮೇಲ್ವಿಚಾರಣೆಗೆ ನೇಮಕವಾಗುತ್ತಿದ್ದವರಲ್ಲಿ ಅನೇಕರಿಗೆ ಆ ಕೆಲಸದ ಗಂಧಗಾಳಿ ಇರಲಿಲ್ಲ.

ರಸ್ತೆ ಕೆಡುವುದಕ್ಕೆ ಗಾಡಿಗಳ ಚಕ್ರವೇ ಕಾರಣವೆಂದು ಸರಕಾರವು ನಂಬಿತ್ತು. ಚಕ್ರದ ಪಟ್ಟಿ ಇಷ್ಟು ಅಗಲವಿರಬೇಕು, ಕುದುರೆಗಳು ಇಷ್ಟೇ ಇರಬೇಕು ಎಂದು ಕಾನೂನಿನ ಮೇಲೆ ಕಾನೂನು ಬಂದವು. ರಸ್ತೆಯು ಗಾಡಿಗೆ ತಕ್ಕಂತೆ ಇರಬೇಕೇ ವಿನಾ ಗಾಡಿಯನ್ನು ರಸ್ತೆಗೆ ತಕ್ಕಂತೆ ಬದಲಿಸುವುದು ವಿಪರೀತ ನ್ಯಾಯವೆಂದು ಮೆಕಾಡಮನು ವಾದಿಸಿದನು.

ಮೂವತ್ತು ಸಾವಿರ ಮೈಲುಗಳ ಯಾತ್ರೆ

1798ರಲ್ಲಿ ಆತನು ನೌಕಾಪಡೆಗೆ ಆಹಾರ ಸಾಮಗ್ರಿ ಒದಗಿಸುವ ಕೆಲಸದ ಮೇಲೆ ಇಂಗ್ಲೆಂಡಿನ ಫಾಲ್ಮತ್ ಬಂದರಕ್ಕೆ ಬಂದನು. ಕೆಲವು ವರ್ಷಗಳ ಮೇಲೆ ಬ್ರಿಸ್ಟಲ್ ನಗರಕ್ಕೆ ಹೋಗಿ ನೆಲೆಸಿದನು. ಈ ಅವಧಿಯಲ್ಲಿ ಸ್ವಂತ ಖರ್ಚಿನಿಂದ ದೇಶವೆಲ್ಲ ಸುತ್ತಿ, ಸುಮಾರು 30,000 ಮೈಲುಗಳಷ್ಟು ಹಾದಿಯನ್ನು ಕಣ್ಣಾರೆ ಪರೀಕ್ಷಿಸಿದನು. ಎಲ್ಲಿ ಕೆಟ್ಟಿದೆ, ಎಲ್ಲಿ ಉಳಿದಿದೆ, ಏಕೆ ಉಳಿದಿದೆ ಎಂದು ಟಿಪ್ಪಣಿ ಮಾಡಿಕೊಂಡನು. ಇದಕ್ಕೆ ಆತನಿಗೆ ಸಂಬಳ ಕೊಟ್ಟವರಾರೂ ಇರಲಿಲ್ಲ.

ಇಷ್ಟು ಸುತ್ತಾಟದಿಂದ ಆತನು ಕಂಡುಕೊಂಡ ತತ್ತ್ವವು ಬಹಳ ಸರಳ. ಭಾರವನ್ನು ಕಟ್ಟಕಡೆಗೆ ಹೊರುವುದು ಕೆಳಗಿನ ನೆಲವೇ. ನೆಲವು ಒಣಗಿದ್ದರೆ ಎಂತಹ ಭಾರವನ್ನಾದರೂ ತಾಳಿಕೊಳ್ಳುತ್ತದೆ. ನೆನೆದರೆ ಮೇಲೆ ಎಷ್ಟು ಕಲ್ಲು ಹೇರಿದರೂ ಕುಸಿಯುತ್ತದೆ. ಆದುದರಿಂದ ರಸ್ತೆ ಕಟ್ಟುವವನ ಮೊದಲ ಧರ್ಮ ನೆಲವನ್ನು ಒಣಗಿಸುವುದು. ಎರಡನೆಯ ಧರ್ಮ ಅದು ಮತ್ತೆ ನೆನೆಯದಂತೆ ಮೇಲೊಂದು ಮಾಡನ್ನು ಹೊದಿಸುವುದು. ಮೆಕಾಡಮನ ದೃಷ್ಟಿಯಲ್ಲಿ ಕಲ್ಲಿನ ಪದರವೆಂಬುದು ನೆಲಕ್ಕೆ ಹಾಕಿದ ಮಾಡು.

ಹೀಗಾಗಿ ಆತನು ರಸ್ತೆಯನ್ನು ಸುತ್ತಲಿನ ನೀರಿನ ಮಟ್ಟಕ್ಕಿಂತ ಎತ್ತರಿಸಿದನು; ಎರಡು ಬದಿಗಳಲ್ಲಿ ಚರಂಡಿ ತೋಡಿಸಿದನು. ಅಡಿಪಾಯಕ್ಕೆ ದೊಡ್ಡ ಕಲ್ಲುಗಳನ್ನು ಇಡುವ ಪದ್ಧತಿಯನ್ನು ಬಿಟ್ಟುಕೊಟ್ಟನು. ಸಮಕಾಲೀನನೂ ಮಹಾ ಎಂಜಿನಿಯರನೂ ಆಗಿದ್ದ ಥಾಮಸ್ ಟೆಲ್‌ಫರ್ಡನು ಅಂತಹ ಕಲ್ಲುಗಳನ್ನು ಕೈಯಿಂದ ಜೋಡಿಸಿ ಭದ್ರವಾದ, ಆದರೆ ದುಬಾರಿಯಾದ ರಸ್ತೆಗಳನ್ನು ಕಟ್ಟುತ್ತಿದ್ದನು. ಮೆಕಾಡಮನು ಸಣ್ಣದಾಗಿ ಒಡೆದ ಜಲ್ಲಿಯನ್ನು ಮಾತ್ರ, ಹೆಚ್ಚೆಂದರೆ 10 ಅಂಗುಲ ದಪ್ಪಕ್ಕೆ, ಪದರ ಪದರವಾಗಿ ಹರಡಿದನು. ಕಲ್ಲು 6 ಔನ್ಸಿಗಿಂತ, ಎಂದರೆ ನಮ್ಮ ಹಳೆಯ ಲೆಕ್ಕದಲ್ಲಿ ಸುಮಾರು 15 ತೊಲೆಗಿಂತ, ಹೆಚ್ಚು ತೂಗಕೂಡದು. ಮಣ್ಣನ್ನು ಬೆರೆಸಕೂಡದು, ಮಣ್ಣು ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಚೂಪು ಮೂಲೆಗಳುಳ್ಳ ಜಲ್ಲಿಯು ಗಾಡಿಗಳ ಓಡಾಟದಿಂದಲೇ ಒಂದರೊಳಗೊಂದು ಸಿಕ್ಕಿಕೊಂಡು ಹಲಗೆಯಂತೆ ಗಟ್ಟಿಯಾಗುತ್ತದೆ. ನಡುಭಾಗವು ಅಂಚಿಗಿಂತ ಸ್ವಲ್ಪವೇ ಎತ್ತರವಿದ್ದರೆ ಸಾಕು; 30 ಅಡಿ ಅಗಲದ ರಸ್ತೆಗೆ 3 ಅಂಗುಲ. ಅಷ್ಟರಿಂದಲೇ ಮಳೆನೀರು ನಿಲ್ಲದೆ ಹರಿದುಹೋಗುತ್ತದೆ.

ಬ್ರಿಸ್ಟಲಿನ ಪರೀಕ್ಷೆ

1816ರಲ್ಲಿ ಬ್ರಿಸ್ಟಲಿನ ಸುಂಕದ ರಸ್ತೆಗಳ ಸರ್ವೇಯರ್ ಹುದ್ದೆಯು ಆತನಿಗೆ ದೊರೆಯಿತು. ಆಗ ಆತನಿಗೆ ಐವತ್ತೊಂಬತ್ತು ವರ್ಷ. ಇತರರು ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ ಆತನ ನಿಜವಾದ ಕೆಲಸವು ಪ್ರಾರಂಭವಾಯಿತು.

ಆತನು ಮಾಡಿದ ಕೆಲಸದಲ್ಲಿ ಹೆಚ್ಚಿನದು ಹೊಸ ರಸ್ತೆಯಲ್ಲ, ರಿಪೇರಿ ಎಂಬುದನ್ನು ಗಮನಿಸಬೇಕು. ಹೊಸ ಕಲ್ಲನ್ನು ಗಾಡಿಗಟ್ಟಲೆ ತರಿಸುವ ಬದಲು, ಕೆಟ್ಟ ರಸ್ತೆಯನ್ನು ಅಗೆಸಿ, ಅದರಲ್ಲಿ ಹೂತಿದ್ದ ದಪ್ಪ ಕಲ್ಲುಗಳನ್ನು ಬದಿಗೆ ತೆಗೆಸಿ, ಅಲ್ಲಿಯೇ ಒಡೆಸಿ, ಮಣ್ಣನ್ನು ಬೇರ್ಪಡಿಸಿ ತಿರುಗಿ ಹಾಸಿಸಿದನು. ಎಷ್ಟೋ ಕಡೆ ಹೊಸ ಕಲ್ಲಿನ ಅಗತ್ಯವೇ ಬೀಳಲಿಲ್ಲ. ಗಟ್ಟಿ ರಸ್ತೆಯ ಮೇಲೆ ಹೊಸ ಜಲ್ಲಿ ಹಾಕಬೇಕಾದಲ್ಲಿ, ಮೊದಲು ಹಳೆಯ ಮೈಯನ್ನು ಪಿಕಾಸಿಯಿಂದ ಕೆದಕಿಸಿ ಸಡಿಲಿಸುತ್ತಿದ್ದನು. ಹಾಗೆ ಮಾಡದಿದ್ದರೆ ಹೊಸತು ಹಳೆಯದರೊಡನೆ ಬೆಸೆಯುವುದಿಲ್ಲ. ರಸ್ತೆಯನ್ನು ಸಂಚಾರಕ್ಕೆ ಬಿಟ್ಟ ಮೇಲೂ ಕೆಲವು ದಿನ ಒಬ್ಬ ಜವಾಬ್ದಾರಿಯ ಆಳು ಅಲ್ಲಿಯೇ ಇದ್ದು, ಚಕ್ರದ ಜಾಡು ಬಿದ್ದಲ್ಲಿ ಜಲ್ಲಿಯನ್ನು ಎಳೆದು ಸಮಮಾಡುತ್ತಿರಬೇಕೆಂದು ಕಟ್ಟಳೆ ಮಾಡಿದನು.

ಹಿಂದೆ ಗಟ್ಟಿಮುಟ್ಟಾದ ಗಂಡಸರು ನಿಂತುಕೊಂಡು ದೊಡ್ಡ ಸುತ್ತಿಗೆಯಿಂದ ಕಲ್ಲೊಡೆಯುತ್ತಿದ್ದರು. ಮೆಕಾಡಮನು ಸಣ್ಣ ಸುತ್ತಿಗೆಗಳನ್ನು ಕೊಟ್ಟು, ಕುಳಿತು ಒಡೆಯುವ ಪದ್ಧತಿಯನ್ನು ತಂದನು. ಇದರಿಂದ ಮುದುಕರು, ಹೆಂಗಸರು, ಮಕ್ಕಳು ಸಹ ನಾಲ್ಕು ಕಾಸು ಸಂಪಾದಿಸುವಂತಾಯಿತು. ಮೇಲ್ವಿಚಾರಕನ ಬಳಿ ತಕ್ಕಡಿಯಿರುತ್ತಿತ್ತು. ಕೂಲಿಯವರಿಗೆ ತಕ್ಕಡಿ ಬೇಡ, ಬಾಯಲ್ಲಿ ಹಿಡಿಯುವ ಕಲ್ಲೇ ಸರಿಯಾದ ಅಳತೆ ಎಂಬ ದಂತಕಥೆಯೂ ಬೆಳೆಯಿತು.

ಈ ಕೀರ್ತಿಗೆ ಒಂದು ಕಪ್ಪು ಅಂಚೂ ಉಂಟು. ಕುಳಿತು ಕಲ್ಲೊಡೆಯುವ ಕೆಲಸವು ಮುಂದೆ ಇಂಗ್ಲೆಂಡಿನ ಸೆರೆಮನೆಗಳಲ್ಲಿಯೂ ಬಡವರ ಗಂಜಿಮನೆಗಳಲ್ಲಿಯೂ ಶಿಕ್ಷೆಯ ರೂಪವನ್ನು ತಾಳಿತು. ನಮ್ಮ ದೇಶಕ್ಕೂ ಅದು ಬಂದಿತು. 1876-78ರ ಭೀಕರ ಬರಗಾಲದಲ್ಲಿ ಕಲಾದಗಿ, ಧಾರವಾಡ ಮೊದಲಾದ ಜಿಲ್ಲೆಗಳ ಜನರು ಪರಿಹಾರದ ಕಾಮಗಾರಿಗಳಲ್ಲಿ ಹಿಡಿ ಅನ್ನಕ್ಕಾಗಿ ರಸ್ತೆಯ ಕಡಿ ಒಡೆದರು. ಇಂದಿಗೂ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಗುಳೆ ಬಂದ ನಮ್ಮ ಭಾಷೆಯ ಬಂಧುಗಳು ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಕಟ್ಟಡದ ಮತ್ತು ರಸ್ತೆಯ ಕೆಲಸದಲ್ಲಿ ಬೆವರು ಸುರಿಸುತ್ತಿದ್ದಾರೆ. ನಾವು ನುಣ್ಣಗಿನ ರಸ್ತೆಯಲ್ಲಿ ಸಾಗುವಾಗ ಆ ಕೈಗಳನ್ನು ನೆನೆಯುವುದು ನ್ಯಾಯ.

ಕೀರ್ತಿ ಮತ್ತು ಹಣದ ಲೆಕ್ಕ

ಬ್ರಿಸ್ಟಲಿನ ರಸ್ತೆಗಳು ಸುಧಾರಿಸಿದವು. ಖರ್ಚು ತಗ್ಗಿತು. 1816 ಮತ್ತು 1819ರಲ್ಲಿ ಆತನು ಬರೆದು ಪ್ರಕಟಿಸಿದ ಎರಡು ಪುಸ್ತಕಗಳು ದೇಶದ ಗಮನವನ್ನು ಸೆಳೆದವು. ಪಾರ್ಲಿಮೆಂಟಿನ ಸಮಿತಿಗಳು ಆತನನ್ನು ಕರೆಯಿಸಿ ವಿಚಾರಿಸಿದವು. ಊರೂರಿನ ಸುಂಕದ ಮಂಡಳಿಗಳು ಆತನನ್ನೂ ಆತನ ಮಕ್ಕಳನ್ನೂ ಸರ್ವೇಯರರನ್ನಾಗಿ ನೇಮಿಸಿಕೊಂಡವು. 1784ರಲ್ಲಿ ಬ್ರಿಸ್ಟಲಿನಿಂದ ಲಂಡನ್ನಿಗೆ ಟಪಾಲು ಗಾಡಿಯು ಸುಮಾರು 16 ಗಂಟೆಗಳಲ್ಲಿ ಓಡಿದುದೇ ಒಂದು ಸಾಹಸವೆನಿಸಿತ್ತು. 1830ರ ದಶಕಕ್ಕೆ ಅದು 12 ಗಂಟೆಗಳ ಆಸುಪಾಸಿಗೆ ಇಳಿಯಿತು. ಅಮೆರಿಕಾದಲ್ಲಿ 1823ರಲ್ಲಿ ಮೇರಿಲ್ಯಾಂಡ್ ಸಂಸ್ಥಾನದ ಹೇಗರ್ಸ್‌ಟೌನ್ ಮತ್ತು ಬೂನ್ಸ್‌ಬರೋ ನಡುವೆ ಇದೇ ಪದ್ಧತಿಯ ರಸ್ತೆಯಾಯಿತು. ಯಾವ ನಾಡಿನಿಂದ ಆಸ್ತಿಯನ್ನು ಬಿಟ್ಟು ಓಡಿಬಂದಿದ್ದನೋ ಆ ನಾಡು ಆತನ ವಿದ್ಯೆಯನ್ನು ಸ್ವೀಕರಿಸಿತು.

ಆದರೆ ಕೀರ್ತಿಯೊಡನೆ ಶತ್ರುಗಳೂ ಬೆಳೆದರು. ಕಡಿಮೆ ಹಣದಲ್ಲಿ ಒಳ್ಳೆಯ ರಸ್ತೆ ಆಗಬಹುದೆಂದು ಆತನು ತೋರಿಸಿಕೊಟ್ಟುದೇ, ಹೆಚ್ಚು ಹಣದಲ್ಲಿ ಕೆಟ್ಟ ರಸ್ತೆ ಮಾಡುತ್ತಿದ್ದವರ ಗುಟ್ಟನ್ನು ಬಯಲಿಗೆಳೆದಂತಾಯಿತು. ಸುತ್ತಾಟಕ್ಕೂ ಪ್ರಯೋಗಕ್ಕೂ ಸಾವಿರಾರು ಪೌಂಡುಗಳನ್ನು ಸ್ವಂತ ಕೈಯಿಂದ ಸುರಿದಿದ್ದ ಆತನು ಪರಿಹಾರಕ್ಕಾಗಿ ಪಾರ್ಲಿಮೆಂಟಿಗೆ ಅರ್ಜಿ ಸಲ್ಲಿಸಬೇಕಾಯಿತು. 1820ರಲ್ಲಿ 2,000 ಪೌಂಡು ಮಂಜೂರಾಯಿತು. ಆತನು ತನ್ನ ಪದ್ಧತಿಗೆ ಪೇಟೆಂಟ್ ಪಡೆದು ಹಣ ಗಳಿಸಲಿಲ್ಲ. ಪುಸ್ತಕದಲ್ಲಿ ಬರೆದು ಎಲ್ಲರಿಗೂ ಕೊಟ್ಟುಬಿಟ್ಟನು.

ಕೊನೆಯ ದಿನಗಳು

ಮೊದಲ ಪತ್ನಿಯು ಕಾಲವಾದ ಬಳಿಕ 1827ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಆನ್ ಶಾರ್ಲಟ್ ಡಿ ಲ್ಯಾನ್ಸಿ ಎಂಬಾಕೆಯನ್ನು ವಿವಾಹವಾದನು. ಸರಕಾರವು ನೀಡಲು ಬಂದ ಸರ್ ಪದವಿಯನ್ನು ಮುಪ್ಪಿನ ಕಾರಣ ಹೇಳಿ ನಿರಾಕರಿಸಿದನು. 1834ರಲ್ಲಿ ಆ ಗೌರವವು ಮಗ ಜೇಮ್ಸ್ ನಿಕೊಲ್ ಮೆಕಾಡಮನಿಗೆ ಸಂದಿತು. ಮರುವರ್ಷ, 1835ರ ಕಾಯಿದೆಯಿಂದ, ಗ್ರಾಮಸ್ಥರ ಬಿಟ್ಟಿ ಚಾಕರಿಯು ರದ್ದಾಯಿತು. ಪ್ರತಿವರ್ಷ ಬೇಸಿಗೆಯಲ್ಲಿ ಹುಟ್ಟುನಾಡನ್ನು ಕಂಡುಬರುವುದು ಆತನ ವಾಡಿಕೆ. 1836ರಲ್ಲಿ ಹಾಗೆ ಹೋಗಿ ಇಂಗ್ಲೆಂಡಿಗೆ ಹಿಂದಿರುಗುವಾಗ ಹಾದಿಯಲ್ಲಿ ಮೊಫಟ್ ಎಂಬ ಊರಿನಲ್ಲಿ ನವೆಂಬರ್ 26ರಂದು ದೇಹವನ್ನಿಟ್ಟನು. ಆಗ ಆತನಿಗೆ ಎಂಬತ್ತು ವರ್ಷ. ಅಲ್ಲಿಯೇ ಆತನ ಸಮಾಧಿಯಿದೆ.

ಡಾಮರು ಬಂದು ಕೂಡಿದ್ದು

ಮೆಕಾಡಮನ ರಸ್ತೆಯು ಕಬ್ಬಿಣದ ಪಟ್ಟಿಯ ಚಕ್ರಕ್ಕೆ ಹೊಂದಿಕೊಂಡಿತ್ತು. ಚಕ್ರವು ಅರೆದ ಕಲ್ಲಿನ ಪುಡಿಯು ನೀರಿನೊಡನೆ ಸೇರಿ ಸಂದುಗಳನ್ನು ತುಂಬುತ್ತಿತ್ತು. ಮೋಟಾರು ಬಂದ ಮೇಲೆ ಕಥೆ ಬದಲಾಯಿತು. ವೇಗವಾಗಿ ಓಡುವ ರಬ್ಬರಿನ ಟಯರು ಆ ಪುಡಿಯನ್ನು ಎಬ್ಬಿಸಿ ಗಾಳಿಗೆ ತೂರಿತು, ಜಲ್ಲಿ ಸಡಿಲವಾಯಿತು, ಊರೆಲ್ಲ ಧೂಳಾಯಿತು. 1902ರಲ್ಲಿ ಮೊನಾಕೋದಲ್ಲಿ ಡಾಕ್ಟರ್ ಗುಗ್ಲಿಯೆಲ್ಮಿನೆಟ್ಟಿ ಎಂಬಾತನು ಧೂಳನ್ನಡಗಿಸಲು ರಸ್ತೆಗೆ ಡಾಮರು ಬಳಿಸಿದನು. ಅದೇ ಸುಮಾರಿಗೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಸರ್ವೇಯರ್ ಎಡ್ಗರ್ ಪರ್ನೆಲ್ ಹೂಲಿಯು, ಕಬ್ಬಿಣದ ಕಾರಖಾನೆಯ ಬಳಿ ಚೆಲ್ಲಿದ ಡಾಮರಿನ ಮೇಲೆ ಯಾರೋ ಕಿಟ್ಟದ ಪುಡಿ ಹಾಕಿದ್ದ ಜಾಗವು ಧೂಳಿಲ್ಲದೆ ನುಣ್ಣಗಾಗಿರುವುದನ್ನು ಕಂಡನು. 1902ರಲ್ಲಿ ಆತನು ಅದಕ್ಕೆ ಪೇಟೆಂಟ್ ಪಡೆದನು. ಡಾಮರು ಮತ್ತು ಮೆಕಾಡಂ ಸೇರಿ ಟಾರ್ಮಕ್ ಎಂಬ ಶಬ್ದವು ಹುಟ್ಟಿತು. ಇಂದು ನಾವು ಡಾಮರು ರಸ್ತೆ ಎನ್ನುವುದರಲ್ಲಿರುವುದು ಕಲ್ಲಿದ್ದಲ ಡಾಮರಲ್ಲ, ಪೆಟ್ರೋಲಿಯಮ್ಮಿನ ಶೇಷವಾದ ಬಿಟುಮೆನ್. ಅದರ ಅಡಿಯಲ್ಲಿರುವುದು ಮಾತ್ರ ಮೆಕಾಡಮನ ಜಲ್ಲಿಯೇ.

ನಮ್ಮ ಹೊಂಡಗಳಿಗೆ ಆತನ ಪಾಠ

ಬಿಟುಮೆನ್ ಬಿಸಿಲಿಗೂ ಗಾಳಿಗೂ ಒಡ್ಡಿಕೊಂಡು ವರುಷಗಳು ಸಂದಂತೆ ತನ್ನ ಜಿಗುಟನ್ನು ಕಳೆದುಕೊಂಡು ಪೆಡಸಾಗುತ್ತದೆ. ಮೇಲ್ಮೈಯಲ್ಲಿ ಕೂದಲೆಳೆಯ ಬಿರುಕು ಕಾಣಿಸಿಕೊಳ್ಳುತ್ತದೆ. ಮಳೆಯ ನೀರು ಅದರೊಳಗೆ ಇಳಿದು ಕಲ್ಲಿನಿಂದ ಬಿಟುಮೆನ್ನನ್ನು ಬಿಡಿಸುತ್ತದೆ. ಕೆಳಗಿನ ಪದರವನ್ನು ನೆನೆಸುತ್ತದೆ. ಮೇಲೆ ಲಾರಿ ಹಾದಾಗ ಆ ನೀರು ಒತ್ತಡದಿಂದ ಚಿಮ್ಮಿ, ಸಣ್ಣ ಪುಡಿಯನ್ನು ಹೊರಕ್ಕೆ ತಳ್ಳುತ್ತದೆ. ಬಿರುಕುಗಳು ಮೊಸಳೆಯ ಚರ್ಮದಂತೆ ಹರಡುತ್ತವೆ, ತುಂಡುಗಳು ಏಳುತ್ತವೆ, ಹೊಂಡವಾಗುತ್ತದೆ. ಇದಕ್ಕೆ ಅತಿಭಾರವೂ ಜೊತೆಗೂಡುತ್ತದೆ. ಅಮೆರಿಕಾದ ಇಲಿನಾಯ್ ಸಂಸ್ಥಾನದಲ್ಲಿ 1958ರಿಂದ 1960ರ ವರೆಗೆ ನಡೆದ ದೊಡ್ಡ ಪ್ರಯೋಗದಿಂದ, ಅಚ್ಚಿನ ಮೇಲಿನ ಭಾರವು ಇಮ್ಮಡಿಯಾದರೆ ರಸ್ತೆಗಾಗುವ ಹಾನಿಯು ಸರಿಸುಮಾರು 16 ಪಟ್ಟು ಆಗುತ್ತದೆಂದು ಕಂಡುಬಂದಿದೆ.

ಆದುದರಿಂದ ಮದ್ದು ಮಳೆಗಿಂತ ಮೊದಲೇ ಆಗಬೇಕು. ಚರಂಡಿಗಳ ಹೂಳನ್ನು ತೆಗೆಯಬೇಕು. ಬಿರುಕುಗಳನ್ನು ಶುಚಿಗೊಳಿಸಿ ಬಿಟುಮೆನ್ನಿನಿಂದ ಮುಚ್ಚಬೇಕು. ಪೆಡಸಾದ ಮೈಗೆ ಕೆಲವು ವರ್ಷಗಳಿಗೊಮ್ಮೆ ಬಿಟುಮೆನ್ ಸಿಂಪಡಿಸಿ ಸಣ್ಣ ಜಲ್ಲಿಯನ್ನು ಹರಡಿ ಹೊಸ ಹೊದಿಕೆ ಹಾಕಬೇಕು. ಪೈಪು, ಕೇಬಲುಗಳಿಗಾಗಿ ಅಗೆದ ಜಾಗವನ್ನು ಪದರ ಪದರವಾಗಿ ದಮ್ಮಸು ಮಾಡಿ ಮುಚ್ಚಬೇಕು. ಹೊಂಡ ಬಿದ್ದೇಬಿಟ್ಟರೆ, ಸುತ್ತಲಿನ ಸಡಿಲ ಭಾಗವನ್ನು ಗಟ್ಟಿ ಅಂಚು ಸಿಗುವ ತನಕ ಚೌಕವಾಗಿ ಕತ್ತರಿಸಿ, ನೀರನ್ನೂ ಕೆಸರನ್ನೂ ತೆಗೆದು ಒಣಗಿಸಿ, ತಳಕ್ಕೂ ಬದಿಗಳಿಗೂ ತೆಳ್ಳಗೆ ಬಿಟುಮೆನ್ ಬಳಿದು, ಬಿಸಿ ಮಿಶ್ರಣವನ್ನು ತುಂಬಿ, ರೋಲರಿನಿಂದ ಅದುಮಿ, ಅಂಚನ್ನು ಮುಚ್ಚಬೇಕು. ನೀರು ತುಂಬಿದ ಹೊಂಡಕ್ಕೆ ಎರಡು ಸಲಿಕೆ ಮಾಲು ಎಸೆದು ಹೋಗುವುದು ರಿಪೇರಿಯಲ್ಲ. ಎಸೆದವನು ಮುಂದಿನ ತಿರುವು ಮುಟ್ಟುವುದರೊಳಗೆ ಅದು ಕಿತ್ತುಬರುತ್ತದೆ. ದೋಸೆಯ ಕಾವಲಿಯನ್ನು ದಿನವೂ ಒರೆಸಿ ಎಣ್ಣೆ ಸವರಿ ಇಟ್ಟುಕೊಂಡವನಿಗೆ ವರ್ಷಗಟ್ಟಲೆ ದೋಸೆ ಏಳುತ್ತದೆ. ತುಕ್ಕು ಹಿಡಿದ ಮೇಲೆ ಎಷ್ಟು ಎಣ್ಣೆ ಸುರಿದರೂ ಫಲವಿಲ್ಲ. ರಸ್ತೆಯ ನ್ಯಾಯವೂ ಇದೇ.

ಇವೆಲ್ಲ ಗುಟ್ಟಿನ ವಿದ್ಯೆಯಲ್ಲ. 1934ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯು ರಸ್ತೆಗಳ ಪಾಲನೆಗೆ ನಿಯಮಾವಳಿಗಳನ್ನು ಪ್ರಕಟಿಸಿದೆ; ಎಂಜಿನಿಯರುಗಳ ಕಪಾಟಿನಲ್ಲಿ ಅವು ಇವೆ. ಕೊರತೆಯಿರುವುದು ಜ್ಞಾನಕ್ಕಲ್ಲ, ಮೆಕಾಡಮನಲ್ಲಿದ್ದ ಆ ಹಟಕ್ಕೆ. ತಕ್ಕಡಿ ಹಿಡಿದು ಕಲ್ಲನ್ನು ತೂಗಿ ನೋಡುವ ಮೇಲ್ವಿಚಾರಕನಿಗೆ. ಸಾರ್ವಜನಿಕರ ಹಣವನ್ನು ಸ್ವಂತ ಹಣದಂತೆ ಎಣಿಸುವ ಬುದ್ಧಿಗೆ. ವಾಚಕರು ತಮ್ಮ ವಾರ್ಡಿನ ಪ್ರತಿನಿಧಿಯು ಮನೆಗೆ ಬಂದಾಗ, ಹೊಸ ರಸ್ತೆ ಎಂದು ಮಾಡಿಸುವಿರೆಂದು ಮಾತ್ರ ಕೇಳದೆ, ಹಳೆಯ ರಸ್ತೆಯ ಬಿರುಕನ್ನು ಈ ಬೇಸಿಗೆಯಲ್ಲಿ ಮುಚ್ಚಿಸುವಿರಾ, ಚರಂಡಿಯ ಹೂಳನ್ನು ಮೇ ತಿಂಗಳೊಳಗೆ ತೆಗೆಸುವಿರಾ ಎಂದೂ ಕೇಳಲಿ. ಆ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತ ಬೀದಿಯಲ್ಲಿ ಮುಂದಿನ ಮಳೆಗಾಲದ ಹೊಂಡಗಳು ಖಂಡಿತವಾಗಿಯೂ ಕಡಿಮೆಯಾಗುವುವು.